ಓಟ್ಸ್ ಕುಕ್ಕಿ ಮಾಡುವವರು ಇದ್ದೀರಾ? ಅಂಚು ಗರಿಗರಿ, ನಡು ಮೆತ್ತಗೆ ಬರಬೇಕು

ಬದಿಯಡ್ಕದಿಂದ ಪ್ರಶ್ನೆ:

ಅಮೆರಿಕದಲ್ಲಿರುವ ನಾದಿನಿ ಹೋದ ವರ್ಷ ಬಂದಾಗ ಹಳೇ ಕಾಲದ ಓಟ್‌ಮೀಲ್ ಕುಕ್ಕಿ ಒಂದು ಡಬ್ಬಿ ತಂದಿದ್ದಳು. ಅಂಚು ಗರಿಗರಿ, ನಡುವೆ ಮೆತ್ತಗೆ, ಜಗಿದರೆ ಓಟ್ಸ್ ಹಲ್ಲಿಗೆ ಸಿಗುತ್ತದೆ. ಮಕ್ಕಳು ಈಗ ಅದನ್ನೇ ಕೇಳುತ್ತಾರೆ. ನಾನು ಎರಡು ಸಲ ಮಾಡಿದೆ. ಮೊದಲನೇ ಸಲ ಎಲ್ಲ ಹರಿದು ಟ್ರೇ ತುಂಬ ಒಂದೇ ನೀರುದೋಸೆ. ಎರಡನೇ ಸಲ ಮೈದಾ ಜಾಸ್ತಿ ಹಾಕಿದೆ, ಕಲ್ಲಾಯಿತು. ಮಾವ ಚಹಾದಲ್ಲಿ ಅದ್ದಿ ಅದ್ದಿ ತಿಂದರು, ಪಾಪ, ಏನೂ ಹೇಳಲಿಲ್ಲ. ಮನೆ ಬೆಣ್ಣೆ ಕರಗಿಸಿ ಹಾಕಿದ್ದೆ. ಓಟ್ಸ್ ಅಂಗಡಿಯಲ್ಲಿ ಸಿಗುವ ಮಾಮೂಲಿ ಪ್ಯಾಕೆಟ್. ಓಟಿಜಿ (ಕರೆಂಟಿನ ಸಣ್ಣ ಓವನ್) ಇದೆ. ಎಲ್ಲಿ ತಪ್ಪಿದ್ದು?

ಕುಂಬಳೆಯಿಂದ:

ಅಕ್ಕ, ನಿಮ್ಮ ಎರಡೂ ತಪ್ಪು ನಾನೂ ಮಾಡಿದ್ದೇನೆ. ಮಸಾಲಾ ಓಟ್ಸ್ ಹಾಕಿಯೂ ಒಮ್ಮೆ ಮಾಡಿದ್ದೇನೆ, ಅದರ ಕತೆ ಬೇಡ.

ಮೊದಲು ಓಟ್ಸ್ ನೋಡಿ. ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಬೇಗ ಬೇಯುವ ಓಟ್ಸ್. ಅದನ್ನು ತುಂಡು ಮಾಡಿ ತೆಳ್ಳಗೆ ಒತ್ತಿರುತ್ತಾರೆ. ಹಿಟ್ಟಿನ ತೇವ ಕುಡಿದು ಕರಗಿಯೇ ಹೋಗುತ್ತದೆ. ನಿಮಗೆ ಬೇಕಾದದ್ದು ರೋಲ್ಡ್ ಓಟ್ಸ್. ಇಡೀ ಕಾಳನ್ನು ಆವಿಯಲ್ಲಿ ಬೇಯಿಸಿ ಒತ್ತಿದ್ದು, ದಪ್ಪ ಅವಲಕ್ಕಿಯ ಹಾಗೆ ಕಾಣುತ್ತದೆ. ಅಮೆರಿಕದ ಪ್ಯಾಕೆಟ್‌ಗಳಲ್ಲಿ 'ಓಲ್ಡ್ ಫ್ಯಾಷನ್ಡ್' ಅಂತ ಬರೆಯುವುದು ಇದಕ್ಕೇ. ಸ್ಟೀಲ್ ಕಟ್ ಅಂತ ನುಚ್ಚಿನ ಹಾಗಿರುವುದು ಬೇಡ. ಹತ್ತು ನಿಮಿಷದಲ್ಲಿ ಅದು ಬೇಯುವುದಿಲ್ಲ, ಕಲ್ಲು ಅಗಿದ ಹಾಗಾಗುತ್ತದೆ.

ಆಮೇಲೆ ಬೆಣ್ಣೆ. ನಿಮ್ಮ ನೀರುದೋಸೆಗೆ ಕಾರಣ ಅದೇ. ನಮ್ಮ ಊರ ಸೆಕೆಯಲ್ಲಿ ಬೆಣ್ಣೆ ಹೊರಗಿಟ್ಟರೆ ಕಾಲು ಗಂಟೆಯಲ್ಲಿ ಎಣ್ಣೆ. ಅಂಥ ಹಿಟ್ಟು ಒಲೆಯ ಬಿಸಿ ತಾಗಿದ ಕೂಡಲೇ ಹರಿಯುತ್ತದೆ. ಫ್ರಿಜ್ಜಿನಿಂದ ತೆಗೆದ ಬೆಣ್ಣೆ ಬೆರಳು ಒತ್ತಿದರೆ ಗುಳಿ ಬೀಳಬೇಕು, ಬೆರಳಿಗೆ ಜಿಡ್ಡು ಅಂಟಬಾರದು. ಅಷ್ಟೇ ಮೆತ್ತಗಾದಾಗ ಸಕ್ಕರೆ, ಬೆಲ್ಲ ಹಾಕಿ ಮರದ ಸೌಟಿನಲ್ಲಿ ತಿರುವಿ. ಮನೆ ಬೆಣ್ಣೆಯಲ್ಲಿ ಮಜ್ಜಿಗೆ ಉಳಿದಿರುತ್ತದೆ. ತಣ್ಣೀರಿನಲ್ಲಿ ಎರಡು ಮೂರು ಸಲ ತೊಳೆದು ಚೆನ್ನಾಗಿ ಹಿಂಡಿ.

ನನ್ನ ಅಳತೆ: ಬೆಣ್ಣೆ 100 ಗ್ರಾಂ, ಬೆಲ್ಲದ ಪುಡಿ 80, ಸಕ್ಕರೆ 50, ಮೊಟ್ಟೆ ಒಂದು, ಮೈದಾ 90, ಓಟ್ಸ್ 130. ಸೋಡಾಪುಡಿ ಅರ್ಧ ಟೀ ಚಮಚ, ಉಪ್ಪು ಕಾಲು, ಚಕ್ಕೆ ಪುಡಿ ಅರ್ಧ. ಒಣದ್ರಾಕ್ಷಿ ಒಂದು ಹಿಡಿ, ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ ಬಟ್ಟೆಯಲ್ಲಿ ಒರೆಸಿ. ನೆನೆಸದಿದ್ದರೆ ಅದು ಹಿಟ್ಟಿನ ತೇವವನ್ನೇ ಎಳೆದುಕೊಳ್ಳುತ್ತದೆ. ಅಮೆರಿಕದವರು ಅಕ್ರೋಟು ಹಾಕುತ್ತಾರೆ, ನಾನು ಗೇರುಬೀಜ ಹಾಕುತ್ತೇನೆ. ಮನೆ ಹಿಂದೆಯೇ ಮರ ಇರುವಾಗ ಅಕ್ರೋಟು ಯಾಕೆ?

ಅವರು ಹಾಕುವ ಬ್ರೌನ್ ಶುಗರ್‌ನಲ್ಲಿ ಕಾಕಂಬಿ ಇರುತ್ತದೆ. ತೇವ ಹಿಡಿದಿಟ್ಟು ನಡು ಮೆತ್ತಗೆ ಇಡುವುದು ಅದೇ. ನಮಗೆ ಬೆಲ್ಲದ ಪುಡಿ ಆ ಕೆಲಸ ಮಾಡುತ್ತದೆ. ಬಿಳಿ ಸಕ್ಕರೆ ಅಂಚನ್ನು ಗರಿಗರಿ ಮಾಡುತ್ತದೆ. ಹಾಗಾಗಿ ಎರಡೂ ಬೇಕು. ಮೈದಾ ಹಾಕಿದ ಮೇಲೆ ಜಾಸ್ತಿ ಕಲಸಬೇಡಿ. ಎರಡನೇ ಸಲ ಕಲ್ಲಾದದ್ದು ಮೈದಾ ಜಾಸ್ತಿಯಾಗಿ, ಬಹುಶಃ ಕಲಸಿದ್ದೂ ಜಾಸ್ತಿಯಾಗಿ.

ಕಲಸಿದ ಹಿಟ್ಟು ಮುಚ್ಚಿ ಒಂದು ಗಂಟೆ ಫ್ರಿಜ್ಜಿನಲ್ಲಿಡಿ. ಇದನ್ನು ಮಾತ್ರ ಬಿಡಬೇಡಿ. ಬೆಣ್ಣೆ ಗಟ್ಟಿಯಾಗುತ್ತದೆ, ಓಟ್ಸ್ ತೇವ ಕುಡಿಯುತ್ತದೆ. ದೊಡ್ಡ ನೆಲ್ಲಿಕಾಯಿ ಗಾತ್ರದ ಉಂಡೆ ಮಾಡಿ, ಸ್ವಲ್ಪ ಒತ್ತಿ, ಎರಡು ಬೆರಳು ಜಾಗ ಬಿಟ್ಟು ಬಟರ್ ಪೇಪರ್ ಮೇಲಿಡಿ. ಓಟಿಜಿ ಮೊದಲೇ ಕಾಯಿಸಿಟ್ಟು 175 ಡಿಗ್ರಿ, 10ರಿಂದ 12 ನಿಮಿಷ. ಅಂಚು ಕೆಂಪಾಗಿರಬೇಕು, ನಡು ಹಸಿ ಅನ್ನಿಸಬೇಕು. ಆಗಲೇ ತೆಗೆಯಿರಿ! ಬೆಂದಿಲ್ಲ ಅಂತ ಇನ್ನೆರಡು ನಿಮಿಷ ಬಿಟ್ಟರೆ ಮಾವನಿಗೆ ಮತ್ತೆ ಚಹಾ ಕೊಡಬೇಕಾಗುತ್ತದೆ. ಬಿಸಿ ಟ್ರೇಯಲ್ಲೇ ಐದು ನಿಮಿಷ ಬಿಡಿ, ಉಳಿದದ್ದು ಅಲ್ಲೇ ಬೇಯುತ್ತದೆ.

ಸೊಲ್ಲಾಪುರದಿಂದ:

ಅಕ್ಕಾವ್ರೇ, ನಮ್ಮಲ್ಲಿ ನಿಮ್ಮದಕ್ಕೆ ಉಲ್ಟಾ. ಬೇಸಿಗೆಯ ಒಣ ಗಾಳಿಗೆ ಮೆತ್ತಗೆ ಬಂದ ಕುಕ್ಕಿಯೂ ಮರುದಿನ ಖಡಕ್. ಅದಕ್ಕೇ ನಾನು ಸಕ್ಕರೆ 30 ಗ್ರಾಂಗೆ ಇಳಿಸಿ ಬೆಲ್ಲ 100 ಮಾಡುತ್ತೇನೆ. ಕೊಲ್ಲಾಪುರದ ಬೆಲ್ಲ ಇಲ್ಲಿ ಸುಲಭ. ನಿಮ್ಮ ಕಡೆ ಮಳೆಗಾಲದಲ್ಲಿ ಇಷ್ಟು ಬೆಲ್ಲ ಹಾಕಿದರೆ ಎಲ್ಲ ತೊಪ್ಪೆ ಆಗಬಹುದು.

ಒಂದು ಮಾತು, ಬೆಣ್ಣೆ ಬದಲು ತುಪ್ಪ ಹಾಕಬೇಡಿ. ನಾನು ಹಾಕಿ ನೋಡಿದ್ದೇನೆ. ಬೆಣ್ಣೆಯಲ್ಲಿ ನೂರಕ್ಕೆ ಹದಿನಾರರಷ್ಟು ನೀರು ಇರುತ್ತದೆ, ತುಪ್ಪದಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಬಾಯಲ್ಲಿಟ್ಟರೆ ಪುಡಿ ಪುಡಿ, ಥೇಟ್ ನಾನ್‌ಖಟಾಯಿ. ರುಚಿ ಚೆನ್ನಾಗಿತ್ತು, ಅದು ಬೇರೆ ಮಾತು.

ಪೆರ್ಲದಿಂದ:

ನಮ್ಮ ಮನೆಯಲ್ಲಿ ಮೊಟ್ಟೆ ಒಳಗೆ ಬರುವುದಿಲ್ಲ. ಹಾಗಿದ್ದವರಿಗೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆಯ ಆನ್‌ಜ್ಯಾಕ್ ಬಿಸ್ಕತ್ತು ಇದೆ. ಓಟ್ಸ್, ಮೈದಾ, ಸಕ್ಕರೆ, ಬೆಣ್ಣೆ, ಒಣ ತೆಂಗಿನ ತುರಿ. ಮೊಟ್ಟೆಯೇ ಇಲ್ಲ. ಹೆಸರು ಮೊದಲ ಮಹಾಯುದ್ಧದ ಅಲ್ಲಿನ ಸೈನಿಕರಿಂದ ಬಂದದ್ದು. ಅಂಟು ಬರಲು ಅವರು ಗೋಲ್ಡನ್ ಸಿರಪ್ ಹಾಕುತ್ತಾರೆ. ನಾನು ಬೆಲ್ಲಕ್ಕೆ ಎರಡು ಚಮಚ ನೀರು ಹಾಕಿ ಕರಗಿಸಿ, ಸೋಸಿ, ಎಳೆ ಬರುವ ಮೊದಲೇ ಇಳಿಸುತ್ತೇನೆ. ಅದರಲ್ಲೇ ಬೆಣ್ಣೆ ಕರಗಿಸಿ, ಬಿಸಿನೀರಿನಲ್ಲಿ ಕದಡಿದ ಸೋಡಾಪುಡಿ ಹಾಕಿದರೆ ನೊರೆ ಬರುತ್ತದೆ. ಪಾತ್ರೆ ದೊಡ್ಡದಿರಲಿ, ನನ್ನದು ಒಮ್ಮೆ ಒಲೆ ಮೇಲೆಲ್ಲ ಉಕ್ಕಿತು. ಇದಕ್ಕೆ ಬೆಣ್ಣೆ ಕರಗಿಸಲೇಬೇಕು, ನಿಮ್ಮ ಕುಕ್ಕಿಯ ಲೆಕ್ಕ ಬೇರೆ. ತೆಂಗಿನತುರಿ ಹಸಿ ಹಾಕಬೇಡಿ, ಬಾಣಲೆಯಲ್ಲಿ ಬಣ್ಣ ಬರದ ಹಾಗೆ ಹುರಿದು ಆರಿಸಿ.

ಜೋರು ಮಳೆಯ ಆಟಿ ತಿಂಗಳಲ್ಲಿ ಡಬ್ಬಿಯಲ್ಲಿಟ್ಟದ್ದೂ ಮೆತ್ತಗಾಗುತ್ತದೆ. ಆಗ 150 ಡಿಗ್ರಿಯಲ್ಲಿ ನಾಲ್ಕೈದು ನಿಮಿಷ ಇಟ್ಟು ತೆಗೆದು, ಪೂರ್ತಿ ಆರಿದ ಮೇಲೆಯೇ ಮುಚ್ಚಳ ಹಾಕಿ.

ಹೊಸೂರಿನಿಂದ:

ಓಟಿಜಿ ಇಲ್ಲದವರು ಕುಕ್ಕರಿನ ತಳಕ್ಕೆ ಉಪ್ಪು ಹರಡಿ, ಗ್ಯಾಸ್ಕೆಟ್, ವಿಸಿಲ್ ತೆಗೆದು ಮಾಡಬಹುದು. ಒಂದು ಸಲಕ್ಕೆ ನಾಲ್ಕೇ ಹಿಡಿಯುತ್ತದೆ, ಮೇಲೆ ಬಣ್ಣ ಬರುವುದಿಲ್ಲ. ನಾನು ಆರು ತಿಂಗಳು ಹಾಗೇ ಮಾಡಿ ಬೇಜಾರಾಗಿ ಓಟಿಜಿ ತೆಗೆದುಕೊಂಡೆ.

ಬದಿಯಡ್ಕದಿಂದ ಮತ್ತೆ:

ನಿನ್ನೆ ಮಾಡಿದೆ. ರೋಲ್ಡ್ ಓಟ್ಸ್ ಇಲ್ಲಿ ಸಿಗಲಿಲ್ಲ, ಭಾವ ಮಂಗಳೂರಿಗೆ ಹೋದವರು ತಂದುಕೊಟ್ಟರು. ಬೆಣ್ಣೆ ಕರಗಿಸಲಿಲ್ಲ, ಹಿಟ್ಟು ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟೆ. 11 ನಿಮಿಷಕ್ಕೆ ತೆಗೆದೆ, ಹಸಿ ಅಂತ ಕೈ ನಡುಗಿತು, ಆದರೂ ತೆಗೆದೆ. ಅಂಚು ಗರಿಗರಿ, ನಡು ಮೆತ್ತಗೆ! ಸ್ವಲ್ಪ ಹರಡಿದೆ, ಆದರೆ ಒಂದಕ್ಕೊಂದು ಅಂಟಲಿಲ್ಲ. ಗೇರುಬೀಜವೇ ಹಾಕಿದ್ದು. ಮಾವ ಚಹಾ ಇಲ್ಲದೆ ಮೂರು ತಿಂದರು. ಎರಡನೇ ಟ್ರೇ ಒಳಗಿಡುವ ಹೊತ್ತಿಗೆ ಕರೆಂಟು ಹೋಯಿತು. ಉಳಿದ ಒಂಬತ್ತು ಉಂಡೆ ಹಾಗೇ ಫ್ರಿಜ್ಜಿನಲ್ಲಿ ಕೂತಿವೆ, ಮಕ್ಕಳು ಗಳಿಗೆಗೊಮ್ಮೆ ಬಾಗಿಲು ತೆರೆದು ನೋಡುತ್ತಿದ್ದಾರೆ.