ಮಂಡಿಯ ಹಳೆಯ ಕಂಪ್ಯೂಟರ್ ಕುರಿತು ನಮ್ಮ ಮನೆತನದ ಗುಂಪಿನಲ್ಲಿ ನಡೆದ ಚರ್ಚೆ

ಅಣ್ಣ (ಬೆಂಗಳೂರು)
ರವಾನೆಯಾದ ಸಂದೇಶ: “ವಿಂಡೋಸ್ 10ರ ಕಾಲ ಮುಗಿಯಿತು. ಹಳೆಯ ಡೆಸ್ಕ್‌ಟಾಪ್‌ಗಳೆಲ್ಲ ಇನ್ನು ನಿರುಪಯೋಗಿ. ಇಂದೇ ಗುಜರಿಗೆ ಕೊಟ್ಟು ಹೊಸದನ್ನು ಕೊಳ್ಳಿ.”

ದೊಡ್ಡಪ್ಪಾ, ಮಂಡಿಪೇಟೆಯ ಅಂಗಡಿಯ ಕಂಪ್ಯೂಟರಿಗೂ ಈ ಮಾತು ಅನ್ವಯಿಸುತ್ತದೆ. ಅದನ್ನೂ, ವಿದ್ಯಾನಗರದ ಮನೆಯಲ್ಲಿ ಕೆಟ್ಟು ಕುಳಿತಿರುವ ಚಿಕ್ಕಪ್ಪನ ಯಂತ್ರವನ್ನೂ ಒಟ್ಟಿಗೇ ಕೊಟ್ಟುಬಿಡೋಣ. ಎರಡು ಹೊಸ ಯಂತ್ರಗಳ ಖರ್ಚನ್ನು ನಾವು ಮಕ್ಕಳೆಲ್ಲ ಹಂಚಿಕೊಳ್ಳುತ್ತೇವೆ.

ದೊಡ್ಡಪ್ಪ
ಖರ್ಚಿನ ಮಾತು ಹಾಗಿರಲಪ್ಪ. ರೈತರಿಗೆ ಪಟ್ಟಿ ಮುದ್ರಿಸಿ ಕೊಡುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಆ ಯಂತ್ರಕ್ಕೆ ಹೊಂದಿಕೊಂಡಿದೆ, ಲೆಕ್ಕದ ತಂತ್ರಾಂಶವೂ ಅದರಲ್ಲೇ ಇದೆ. ಮೆಕ್ಕೆಜೋಳದ ಆವಕ ಜೋರಾಗಿರುವಾಗ ಅದನ್ನು ಮುಟ್ಟಿದರೆ ವ್ಯಾಪಾರ ನಿಲ್ಲುತ್ತದೆ. ಆದರೆ ಬೆಳಿಗ್ಗೆ ಅದು ತೆರೆದುಕೊಳ್ಳುವುದು ಬಹಳ ನಿಧಾನವಾಗಿದೆ ಎಂಬುದು ನಿಜ. ಕರೆಂಟು ಹೋಗಿ ಬಂದರೆ ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ, ಆಗ ಬ್ಯಾಂಕಿನ ಜಾಲತಾಣವೂ ತೆರೆಯುವುದಿಲ್ಲ.

ನಾನು
ಅಣ್ಣಾ, ಆ ಸಂದೇಶದ ಮೊದಲ ವಾಕ್ಯ ಸರಿ, ಎರಡನೆಯದು ತಪ್ಪು. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಉಚಿತ ಸುರಕ್ಷತಾ ಪರಿಷ್ಕರಣೆ ಕೊಡುವುದನ್ನು ನಿಲ್ಲಿಸಿತು, ಮನೆಬಳಕೆದಾರರಿಗೆಂದು ಘೋಷಿಸಿದ ಹೆಚ್ಚುವರಿ ಅವಧಿ 2026ರ ಅಕ್ಟೋಬರ್ 13ರವರೆಗಿನದು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಮತ್ತು ಎಂಟನೇ ಪೀಳಿಗೆಯ ಅಥವಾ ನಂತರದ ಇಂಟೆಲ್ ಪ್ರೊಸೆಸರ್ ನಮ್ಮ ಎರಡೂ ಯಂತ್ರಗಳಲ್ಲಿಲ್ಲ, ಏಕೆಂದರೆ ಅವು 2012ರಲ್ಲಿ ಬಂದ ಮೂರನೇ ಪೀಳಿಗೆಯವು. ಇದರಿಂದ ತಿಳಿಯುವುದು ಆ ಯಂತ್ರಗಳು ವಿಂಡೋಸ್ 11 ಓಡಿಸುವ ಒಂದು ಕೆಲಸಕ್ಕೆ ತಕ್ಕವಲ್ಲ ಎಂಬುದು ಮಾತ್ರ. ಅವುಗಳೊಳಗಿನ ಪ್ರತಿಯೊಂದು ಭಾಗವೂ ಗುಜರಿಗೆ ಯೋಗ್ಯ ಎಂದು ಅದರಿಂದ ತೀರ್ಮಾನಿಸಲಾಗದು.

ದೊಡ್ಡಪ್ಪಾ, ನೀವು ಹೇಳಿದ ಎರಡು ತೊಂದರೆಗಳಿಗೂ ಕಾರಣ ಬೇರೆ ಬೇರೆ. ತಾರೀಕು ಹಿಂದಕ್ಕೆ ಹೋಗುವುದು ಎಲ್ಲ ಭಾಗಗಳೂ ಕೂರುವ ಮುಖ್ಯ ಫಲಕವಾದ ಮದರ್‌ಬೋರ್ಡಿನ ಮೇಲಿರುವ ಸಿಆರ್2032 ಎಂಬ ನಾಣ್ಯದಾಕಾರದ 3 ವೋಲ್ಟಿನ ಬ್ಯಾಟರಿ ಮುಗಿದಿರುವುದರಿಂದ. ಬ್ಯಾಂಕಿನ ಜಾಲತಾಣದ ಭದ್ರತಾ ಪ್ರಮಾಣಪತ್ರಕ್ಕೆ ಒಂದು ನಿಗದಿತ ಅವಧಿ ಇರುತ್ತದೆ, ಕಂಪ್ಯೂಟರಿನ ತಾರೀಕು ಆ ಅವಧಿಗಿಂತ ಹಿಂದಿದ್ದರೆ ಬ್ರೌಸರ್ ಅದನ್ನು ನಂಬುವುದಿಲ್ಲ. ಗಡಿಯಾರದ ಅಂಗಡಿಯಲ್ಲಿ ಸಿಗುವ ಆ ಬ್ಯಾಟರಿಯನ್ನು ನಾಳೆಯೇ ಹಾಕಿಸಬಹುದು. ತೆರೆದುಕೊಳ್ಳುವುದು ನಿಧಾನವಾಗಿರುವುದಕ್ಕೆ ಬಹುಮಟ್ಟಿಗೆ ಹಾರ್ಡ್ ಡಿಸ್ಕ್ ಕಾರಣ. ತಿರುಗುವ ತಟ್ಟೆಯ ಮೇಲೆ ಅದರ ಮುಳ್ಳು ಪ್ರತಿಯೊಂದು ಕಡತಕ್ಕೂ ಜಾಗ ಹುಡುಕಿಕೊಂಡು ಹೋಗಬೇಕು, ಆ ಹುಡುಕಾಟಕ್ಕೆ ಹತ್ತು ಮಿಲಿಸೆಕೆಂಡಿನಷ್ಟು ಹಿಡಿಯುತ್ತದೆ, ವಿಂಡೋಸ್ ತೆರೆಯುವಾಗ ಅಂಥ ಸಾವಿರಾರು ಹುಡುಕಾಟಗಳು ನಡೆಯುತ್ತವೆ. ಅದರ ಬದಲಿಗೆ ಹಾಕುವ, ಮಾಹಿತಿಯನ್ನು ಚಿಪ್‌ಗಳಲ್ಲಿಡುವ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ.

ಚಿಕ್ಕಪ್ಪ
ನನ್ನ ಯಂತ್ರ ಗುಂಡಿ ಒತ್ತಿದರೂ ಏಳುವುದಿಲ್ಲವಮ್ಮ. ಅದರಲ್ಲಿ ಏನನ್ನು ಉಳಿಸಿಕೊಳ್ಳುತ್ತೀಯ?

ನಾನು
ಚಿಕ್ಕಪ್ಪಾ, ಕಳೆದ ಸಲ ಬಂದಾಗ ಮುಚ್ಚಳ ತೆಗೆದು ನೋಡಿದ್ದೆ. ಬೋರ್ಡಿನ ಮೇಲೆ ವಿದ್ಯುತ್ತನ್ನು ಹಿಡಿದಿಡುವ ಪುಟ್ಟ ಡಬ್ಬಿಗಳಾದ ಕೆಪಾಸಿಟರ್‌ಗಳ ನೆತ್ತಿ ಉಬ್ಬಿದೆ, ಒಂದರಿಂದ ದ್ರವವೂ ಸೋರಿದೆ. ಕೆಟ್ಟಿರುವುದು ಬೋರ್ಡು. ಅದರ ಐ5 ಪ್ರೊಸೆಸರ್ ಮತ್ತು 4 ಜಿಬಿ ಡಿಡಿಆರ್3 ರಾಮ್ ಬಹುಶಃ ಚೆನ್ನಾಗಿಯೇ ಇವೆ, ಬೋರ್ಡು ಕೆಡುವ ಸ್ವಲ್ಪ ಮುಂಚೆ ನೀವು ಹೊಸದಾಗಿ ಹಾಕಿಸಿದ ಎಸ್‌ಎಂಪಿಎಸ್ ಎಂಬ ವಿದ್ಯುತ್ ಪೂರೈಸುವ ಪೆಟ್ಟಿಗೆಯನ್ನೂ ಪರೀಕ್ಷಿಸಿ ಉಳಿಸಿಕೊಳ್ಳಬಹುದು. ಅಂಗಡಿಯ ಯಂತ್ರದ ಎಚ್61 ಬೋರ್ಡಿನಲ್ಲಿ ಪ್ರೊಸೆಸರ್ ಕೂರಲು ಇರುವುದೂ ಅದೇ 1155 ಸಾಕೆಟ್. ಆದ್ದರಿಂದ ನಿಮ್ಮ ಐ5 ಅದರಲ್ಲಿ ಕೂರುತ್ತದೆ. ಅಂಗಡಿಯದನ್ನೂ ಸೇರಿಸಿ ಎರಡು 4 ಜಿಬಿ ರಾಮ್ ಕಡ್ಡಿಗಳನ್ನು ಎರಡೂ ಸ್ಲಾಟಿನಲ್ಲಿ ಹಾಕಿದರೆ 8 ಜಿಬಿ ಆಗುವುದಲ್ಲದೆ, ಪ್ರೊಸೆಸರ್ ಎರಡೂ ದಾರಿಯಿಂದ ಏಕಕಾಲಕ್ಕೆ ಓದುತ್ತದೆ. 2025ರ ಕೊನೆಯಿಂದ ಡೇಟಾ ಸೆಂಟರ್‌ಗಳ ಬೇಡಿಕೆಯಿಂದಾಗಿ ಮೆಮೊರಿಯ ಬೆಲೆ ವಿಪರೀತ ಏರಿರುವಾಗ, ಕೈಯಲ್ಲಿರುವ ರಾಮನ್ನು ತೂಕಕ್ಕೆ ಮಾರುವುದು ನನಗೆ ಒಪ್ಪಿಗೆಯಿಲ್ಲ.

ಅಣ್ಣ (ಬೆಂಗಳೂರು)
ತಂಗಿ, ಎರಡನ್ನು ಸೇರಿಸಿ ಒಂದು ಮಾಡಿದರೂ ಅದು ಮೂರನೇ ಪೀಳಿಗೆಯದೇ ಆಗಿ ಉಳಿಯುತ್ತದೆ, ಬ್ಯಾಂಕಿನ ವ್ಯವಹಾರಕ್ಕೆ ಅದು ಸುರಕ್ಷಿತವಲ್ಲ. ಪರಿಶೀಲನೆಯನ್ನು ತಪ್ಪಿಸಿ ವಿಂಡೋಸ್ 11 ಹಾಕುವ ವಿಧಾನಗಳಿವೆ ಎಂದು ಹೇಳಬೇಡ.

ನಾನು
ಹೇಳುವುದಿಲ್ಲ. ಆ ವಿಧಾನಗಳಿದ್ದರೂ, ಹೊಂದದ ಯಂತ್ರಗಳಿಗೆ ಮುಂದಿನ ಪರಿಷ್ಕರಣೆಗಳು ಬರುತ್ತವೆಂಬ ಖಾತರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ರೈತರ ಹಣ ಓಡಾಡುವ ಯಂತ್ರದಲ್ಲಿ ಅಂಥ ಪ್ರಯೋಗ ನಡೆಯಬಾರದು ಎಂಬ ವಿಷಯದಲ್ಲಿ ನಿನ್ನೊಂದಿಗೆ ನನಗೆ ಪೂರ್ಣ ಸಹಮತವಿದೆ.

ಹಾಗಾಗಿ ಕೂಡಿಸಿದ ಯಂತ್ರ ವಿದ್ಯಾನಗರದ ಮನೆಗೆ ಹೋಗಲಿ, ಅಂಗಡಿಗೆ ಹೊಸ ಬೋರ್ಡು, ಪ್ರೊಸೆಸರ್ ಮತ್ತು ರಾಮ್ ಬರಲಿ ಎಂಬುದು ನನ್ನ ಸಲಹೆ. ಆದರೆ ಅಂಗಡಿಯ ಕ್ಯಾಬಿನೆಟ್, ಮಾನಿಟರ್, ಕೀಲಿಮಣೆ, ಯುಪಿಎಸ್ ಯಾವುದನ್ನೂ ಬದಲಿಸಬೇಕಿಲ್ಲ. ಇಂಟೆಲ್ 1995ರಲ್ಲಿ ರೂಪಿಸಿದ ಎಟಿಎಕ್ಸ್ ಮಾನಕ ಮತ್ತು ಅದರಿಂದ ಹುಟ್ಟಿದ ಮೈಕ್ರೋ ಎಟಿಎಕ್ಸ್‌ನಿಂದಾಗಿ ಇಂದಿನ ಸಾಮಾನ್ಯ ಬೋರ್ಡಿನ ಸ್ಕ್ರೂ ರಂಧ್ರಗಳು ನಮ್ಮ ಹಳೆಯ ಕ್ಯಾಬಿನೆಟ್ಟಿಗೂ ಹೊಂದುತ್ತವೆ. ದೊಡ್ಡ ಕಂಪನಿಗಳ ಸಿದ್ಧ ಡೆಸ್ಕ್‌ಟಾಪ್‌ಗಳಲ್ಲಿ ಎಷ್ಟೋ ಸಲ ಹೀಗಾಗುವುದಿಲ್ಲ. ನಮ್ಮ ಯಂತ್ರಗಳನ್ನು ಊರಿನಲ್ಲೇ ಜೋಡಿಸಿದ್ದು ಈಗ ಉಪಕಾರಕ್ಕೆ ಬಂದಿದೆ. ಅಂಗಡಿಯ ಎಸ್‌ಎಂಪಿಎಸ್ ಅನ್ನು ಮಾತ್ರ ಮುಂದುವರಿಸಬಾರದು. ಮಂಡಿಯ ದೂಳಿನಲ್ಲಿ ಇಷ್ಟು ವರ್ಷ ಓಡಿದ ಅದು ಕೆಟ್ಟರೆ ಹೊಸ ಬೋರ್ಡನ್ನೂ ಜೊತೆಗೆ ಕೆಡಿಸಬಹುದು.

ಅಣ್ಣ (ಬೆಂಗಳೂರು)
ಬೋರ್ಡು, ಪ್ರೊಸೆಸರ್, ರಾಮ್, ಎಸ್‌ಎಂಪಿಎಸ್, ಎಸ್‌ಎಸ್‌ಡಿ ಎಲ್ಲವನ್ನೂ ಕೊಂಡ ಮೇಲೆ ಉಳಿತಾಯವೇನು ಬಂತು? ವಿಂಡೋಸ್ ಪರವಾನಗಿಯ ಖರ್ಚನ್ನು ನೀನು ಲೆಕ್ಕಕ್ಕೇ ಹಿಡಿದಿಲ್ಲ.

ನಾನು
ಪರವಾನಗಿಯ ಮಾತು ಸರಿ. ಯಂತ್ರದೊಂದಿಗೆ ಬಂದ ಪರವಾನಗಿ ಸಾಮಾನ್ಯವಾಗಿ ಅದರ ಬೋರ್ಡಿಗೇ ಕಟ್ಟುಬಿದ್ದಿರುತ್ತದೆ, ಬೋರ್ಡು ಬದಲಾದರೆ ಹೊಸದನ್ನು ಕೊಳ್ಳಬೇಕಾಗಬಹುದು. ಅಂಗಡಿಯ ಮಟ್ಟಿಗೆ ಉಳಿತಾಯ ದೊಡ್ಡದಲ್ಲ ಎಂದೇ ಇಟ್ಟುಕೊ. ದೊಡ್ಡ ಉಳಿತಾಯವಿರುವುದು ಮನೆಯ ಯಂತ್ರದಲ್ಲಿ, ಅಲ್ಲಿ ಕೊಳ್ಳಬೇಕಾದದ್ದು ಒಂದು ಎಸ್‌ಎಸ್‌ಡಿ, ಆ ಬ್ಯಾಟರಿ ಮತ್ತು ಪ್ರೊಸೆಸರಿನ ಮೇಲೆ ಹಚ್ಚುವ ಥರ್ಮಲ್ ಪೇಸ್ಟ್ ಮಾತ್ರ. ಎಸ್‌ಎಸ್‌ಡಿ ಎರಡೂವರೆ ಇಂಚಿನ, ಸಾಟಾ ಎಂಬ ಡಿಸ್ಕ್ ಜೋಡಣೆಯ ಮಾದರಿಯದೇ ಆಗಿರಬೇಕು. ಎಚ್61 ಚಿಪ್‌ಸೆಟ್ಟಿನ ಸಾಟಾ ಸೆಕೆಂಡಿಗೆ 3 ಗಿಗಾಬಿಟ್‌ನದು, ಆದ್ದರಿಂದ ಎಸ್‌ಎಸ್‌ಡಿ ತನ್ನ ಪೂರ್ಣ ವೇಗದ ಅರ್ಧದಷ್ಟನ್ನೇ ಮುಟ್ಟುತ್ತದೆ. ಆದರೂ ಹುಡುಕಾಟದ ಸಮಯ ಇಲ್ಲವಾಗುವುದರಿಂದ ವ್ಯತ್ಯಾಸ ಮೊದಲ ದಿನವೇ ಕಾಣುತ್ತದೆ. ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಹಾಕೋಣ, ಅದು ಉಚಿತ, ಸುರಕ್ಷತಾ ಪರಿಷ್ಕರಣೆಗಳೂ ಬರುತ್ತವೆ.

ಅತ್ತೆ
ಮಕ್ಕಳು ಶಾಲೆಯ ಪ್ರಬಂಧಗಳನ್ನು ಕನ್ನಡದಲ್ಲಿ ಬೆರಳಚ್ಚು ಮಾಡುತ್ತಾರೆ. ಅದರಲ್ಲಿ ಕನ್ನಡ ಬರುತ್ತದೆಯೇ?

ನಾನು
ಬರುತ್ತದೆ ಅತ್ತೆ. ಯೂನಿಕೋಡ್ ಕನ್ನಡಕ್ಕೆ ಬೇಕಾದ ಅಕ್ಷರಗಳೂ ಕೀಲಿಮಣೆಯ ವಿನ್ಯಾಸವೂ ಅದರಲ್ಲಿ ದೊರೆಯುತ್ತವೆ. ನುಡಿ ತಂತ್ರಾಂಶದ ಹಳೆಯ ಯೂನಿಕೋಡೇತರ ಫಾಂಟಿನಲ್ಲಿ ಬರೆದ ಕಡತಗಳಿದ್ದರೆ ಅವನ್ನು ಮಾತ್ರ ಮೊದಲೇ ಪರಿವರ್ತಿಸಿಕೊಳ್ಳಬೇಕು.

ದೊಡ್ಡಪ್ಪ
ಇಷ್ಟೆಲ್ಲ ಹೇಳಿದಿರಿ, ನನ್ನ ಪ್ರಿಂಟರಿನ ಮಾತನ್ನು ಯಾರೂ ಎತ್ತಲಿಲ್ಲ. ಪಟ್ಟಿ ಮುದ್ರಣವಾಗದಿದ್ದರೆ ಹೊಸ ಬೋರ್ಡಿನಿಂದ ನನಗೇನೂ ಆಗಬೇಕಾದ್ದಿಲ್ಲ.

ನಾನು
ದೊಡ್ಡಪ್ಪಾ, ನಿಮ್ಮ ಆತಂಕ ನ್ಯಾಯವಾದದ್ದು. ಆ ಪ್ರಿಂಟರ್ ಅಗಲವಾದ ಪ್ಯಾರಲಲ್ ಕೇಬಲ್ಲಿನ ಮೂಲಕ ಜೋಡಣೆಯಾಗಿದೆ, ಈಗಿನ ಬಹುಪಾಲು ಬೋರ್ಡುಗಳ ಹಿಂಬದಿಯಲ್ಲಿ ಆ ಕಿಂಡಿ ಇರುವುದಿಲ್ಲ. ಪ್ರಿಂಟರಿನಲ್ಲೇ ಯುಎಸ್‌ಬಿ ಕಿಂಡಿಯಿದ್ದರೆ ತೊಂದರೆಯಿಲ್ಲ. ಇಲ್ಲದಿದ್ದರೆ ಪ್ಯಾರಲಲ್ ಕಾರ್ಡ್ ಹಾಕಲು ಸ್ಲಾಟ್ ಇರುವ ಬೋರ್ಡನ್ನೇ ಆರಿಸಬೇಕು. ನಿಮ್ಮ ಮಾನಿಟರಿನಲ್ಲಿ ವಿಜಿಎ ಎಂಬ ಹಳೆಯ ಮಾದರಿಯ ಕಿಂಡಿ ಮಾತ್ರ ಇರುವುದರಿಂದ ಬೋರ್ಡಿನಲ್ಲಿ ಅದೂ ಇರಬೇಕು, ಅಗ್ಗದ ಬೋರ್ಡುಗಳಲ್ಲಿ ಈಗಲೂ ಅದು ಸಿಗುತ್ತದೆ. ಆವಕದ ದಿನಗಳು ಮುಗಿಯುವವರೆಗೆ ಬ್ಯಾಟರಿಯನ್ನಷ್ಟೇ ಬದಲಿಸೋಣ, ಬ್ಯಾಂಕಿನ ಕೆಲಸವನ್ನು ಅಲ್ಲಿಯತನಕ ಚಿಕ್ಕಮ್ಮನ ಹೊಸ ಲ್ಯಾಪ್‌ಟಾಪಿನಲ್ಲಿ ಮಾಡಿಕೊಳ್ಳಿ. ಹೊಸ ಬೋರ್ಡು ಬಂದ ಮೇಲೆ ಒಂದು ಪಟ್ಟಿಯನ್ನು ಮುದ್ರಿಸಿ ನೋಡಿದ ನಂತರವೇ ಹಳೆಯದನ್ನು ಬಿಚ್ಚೋಣ.

ಅಣ್ಣ (ಬೆಂಗಳೂರು)
ಅಂಗಡಿಗೆ ಪೂರ್ತಿ ಹೊಸ ಯಂತ್ರವೇ ಒಳ್ಳೆಯದೆಂಬ ನನ್ನ ಅಭಿಪ್ರಾಯ ಹಾಗೆಯೇ ಇದೆ. ಆದರೂ ದೊಡ್ಡಪ್ಪ ಒಪ್ಪುವುದಾದರೆ ಬೋರ್ಡು ಮತ್ತು ಪ್ರೊಸೆಸರಿನ ಖರ್ಚು ನನ್ನದು. ಉಳಿದ ಹಾರ್ಡ್ ಡಿಸ್ಕುಗಳನ್ನಾದರೂ ಗುಜರಿಗೆ ಕೊಡಬಹುದಲ್ಲ?

ನಾನು
ಹಾಗೇ ಕೊಡಬಾರದು. ಕಡತವನ್ನು ಅಳಿಸಿದರೂ, ಡಿಸ್ಕನ್ನು ಕ್ವಿಕ್ ಫಾರ್ಮ್ಯಾಟ್ ಮಾಡಿದರೂ ಒಳಗಿನ ಮಾಹಿತಿಯನ್ನು ಮರಳಿ ತೆಗೆಯಬಹುದು. ಅಂಗಡಿಯ ಡಿಸ್ಕಿನಲ್ಲಿ ರೈತರ ಖಾತೆ ಸಂಖ್ಯೆಗಳೂ ಬಾಕಿ ಲೆಕ್ಕಗಳೂ ಇವೆ. ಡಿಸ್ಕ್ ತನ್ನ ಸ್ಥಿತಿಯನ್ನು ತಾನೇ ತಿಳಿಸುವ ಸ್ಮಾರ್ಟ್ ವರದಿಯನ್ನು ನೋಡಿ ಆರೋಗ್ಯವಾಗಿದ್ದರೆ ಯುಎಸ್‌ಬಿ ಪೆಟ್ಟಿಗೆಗೆ ಹಾಕಿ ಲೆಕ್ಕದ ಎರಡನೆಯ ಪ್ರತಿಯನ್ನು ಅದರಲ್ಲಿಡೋಣ. ಸೋರಿದ ಬೋರ್ಡನ್ನು, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಡಿ ನೋಂದಾಯಿತರಾದ ಮರುಬಳಕೆದಾರರಿಗೇ ತಲುಪಿಸಬೇಕು, ಬೀದಿಯಲ್ಲಿ ಸುಟ್ಟು ತಾಮ್ರ ತೆಗೆಯುವವರ ಕೈಗೆ ಕೊಡಬಾರದು.

ದೊಡ್ಡಪ್ಪ
ಆಗಲಿ. ಅಂಗಡಿಗೆ ರಜೆಯಿರುವ ದಿನ ಬಾರಮ್ಮ, ಬೀಗದ ಕೈ ಚಿಕ್ಕಪ್ಪನ ಬಳಿ ಇರುತ್ತದೆ. ಬ್ಯಾಟರಿಯನ್ನು ನಾನೇ ತರಿಸುತ್ತೇನೆ.

ನಾನು
ಬರುತ್ತೇನೆ ದೊಡ್ಡಪ್ಪಾ. ಅಷ್ಟರೊಳಗೆ ಪ್ರಿಂಟರಿನ ಹಿಂಬದಿಯ ಮತ್ತು ಕಂಪ್ಯೂಟರಿನ ಹಿಂಬದಿಯ ಫೋಟೊಗಳನ್ನು ಅಂಗಡಿಯ ಹುಡುಗನಿಂದ ತೆಗೆಸಿ ಇಲ್ಲಿಗೆ ಹಾಕಿಸಿ. ಅವನ್ನು ನೋಡದೆ ಬೋರ್ಡಿಗೆ ಮುಂಗಡ ಕೊಡುವುದು ಬೇಡ.