ಡೋಪಮೈನ್ ಪೀಕ್ ವಿಟಮಿನ್ ಸಿ ಜೊತೆ ಬೆರೆತುಹೋಗ್ತಿದೆ, ಏನು ಮಾಡ್ಲಿ?

ಗಂಗೋತ್ರಿ ಹುಡುಗಿ:
ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಕೊನೇ ಸೆಮಿಸ್ಟರ್. ಗ್ಲಾಸಿ ಕಾರ್ಬನ್ ಎಲೆಕ್ಟ್ರೋಡಿನಲ್ಲಿ (ಗಾಜಿನಂಥ ಇಂಗಾಲದ ವಿದ್ಯುದ್ವಾರ) ಡೋಪಮೈನ್ ಅನ್ನೋ ಮೆದುಳಿನ ರಾಸಾಯನಿಕ ಅಳೆಯೋದು ನನ್ನ ಪ್ರಾಜೆಕ್ಟ್. ದ್ರಾವಣ ಫಾಸ್ಫೇಟ್ ಬಫರ್ (ಪಿಎಚ್ ಬದಲಾಗದಂತೆ ಹಿಡಿಯೋದು), ಪಿಎಚ್ 7.4. ಬರೀ ಡೋಪಮೈನ್ ಇದ್ದಾಗ 0.2 ವೋಲ್ಟ್ ಹತ್ತಿರ ಚೆಂದದ ಪೀಕ್ (ವಿದ್ಯುತ್ ಪ್ರವಾಹದ ಶಿಖರ) ಬರುತ್ತೆ. ಆಸ್ಕಾರ್ಬಿಕ್ ಆಮ್ಲ, ಅಂದ್ರೆ ವಿಟಮಿನ್ ಸಿ, ಸೇರಿಸಿದ ಕೂಡಲೇ ಎರಡೂ ಸೇರಿ ಒಂದೇ ಅಗಲವಾದ ದಿಬ್ಬ. ಸಾಲದು ಅಂತ, ಬೆಳಿಗ್ಗೆ ಬಂದ ಪೀಕಿನ ಎತ್ತರ ಅದೇ ದ್ರಾವಣದಲ್ಲಿ ಸಂಜೆ ಬರಲ್ಲ. ಮುಂದಿನ ತಿಂಗಳು ವೈವಾ. ರಾತ್ರಿ ನಿದ್ದೆ ಹತ್ತುತ್ತಿಲ್ಲ.

ಮಂಡ್ಯದ ಮೇಷ್ಟ್ರು:
ಸಂಜೆಯ ವಿಷಯ ಮೊದಲು ನೋಡಮ್ಮ. ಗಾಣದಿಂದ ಇಳಿದ ಕಬ್ಬಿನ ಹಾಲು ಹಾಗೇ ಬಿಟ್ಟರೆ ಕಪ್ಪಾಗುತ್ತಲ್ಲ, ಬಾಳೆಸಿಪ್ಪೆ ಕಪ್ಪಾಗುತ್ತಲ್ಲ, ಅದೇ ಜಾತಿಯ ಕ್ರಿಯೆ. ಬಾಳೆಸಿಪ್ಪೆಯಲ್ಲಿ ಇರೋದೂ ಡೋಪಮೈನೇ! ಅಲ್ಲಿ ಕಿಣ್ವ ಮಾಡೋ ಕೆಲಸವನ್ನ ನಿನ್ನ ಫ್ಲಾಸ್ಕಿನಲ್ಲಿ ಗಾಳಿಯ ಆಮ್ಲಜನಕ ನಿಧಾನವಾಗಿ ಮಾಡುತ್ತೆ. ಸ್ಟಾಕನ್ನ (ಡೋಪಮೈನಿನ ಮೂಲ ದ್ರಾವಣ) ಬಫರಿನಲ್ಲಿ ಮಾಡಬೇಡ. ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ, ಫಾಯಿಲ್ ಸುತ್ತಿ ಐಸಿನಲ್ಲಿಡು. ಅಳೆಯೋ ಹೊತ್ತಿಗೆ ಮಾತ್ರ ಬಫರಿಗೆ ಹಾಕು.

ಹೀಗೆ ಹುಟ್ಟೋ ಕಂದು ಪದಾರ್ಥ ಎಲೆಕ್ಟ್ರೋಡಿಗೂ ಅಂಟಿ ಕೂರುತ್ತೆ. 0.05 ಮೈಕ್ರಾನ್ ಅಲ್ಯುಮಿನಾ ಪುಡಿಯಲ್ಲಿ ಎಂಟರ ಆಕಾರದಲ್ಲಿ ಉಜ್ಜಿ, ಮೇಲ್ಮೈ ಶುದ್ಧವಾಯ್ತಾ ಅಂತ ನೋಡೋಕೆ ಪೊಟ್ಯಾಸಿಯಂ ಫೆರಿಸಯನೈಡ್ ಹಾಕಿ ಸೈಕ್ಲಿಕ್ (ವೋಲ್ಟೇಜನ್ನ ಏರಿಸಿ ಇಳಿಸೋ ವಿಧಾನ) ಓಡಿಸು. ಎರಡು ಪೀಕ್ ನಡುವಿನ ಅಂತರ ಲೆಕ್ಕದ ಪ್ರಕಾರ 59 ಮಿಲಿವೋಲ್ಟ್. 80ರ ಒಳಗಿದ್ದರೆ ನಾನು ಒಪ್ಕೋತೀನಿ, 100 ದಾಟಿದರೆ ಮತ್ತೆ ಉಜ್ಜು ಅಂತೀನಿ.

ಈಗ ನಿನ್ನ ದಿಬ್ಬ. ಪಿಎಚ್ 7.4ರಲ್ಲಿ ಡೋಪಮೈನಿಗೆ ಧನ ಆವೇಶ, ಆಸ್ಕಾರ್ಬೇಟಿಗೆ (ಆಸ್ಕಾರ್ಬಿಕ್ ಆಮ್ಲದ ಅಯಾನು) ಋಣ ಆವೇಶ. ಎಲೆಕ್ಟ್ರೋಡಿಗೆ ಹಚ್ಚೋ ನ್ಯಾಫಿಯಾನ್ ಅನ್ನೋ ಪಾಲಿಮರ್ ಪದರವೂ ಋಣ, ಹಾಗಾಗಿ ಆಸ್ಕಾರ್ಬೇಟನ್ನ ಬಾಗಿಲಲ್ಲೇ ತಡೆಯುತ್ತೆ. ಯೂರಿಕ್ ಆಮ್ಲಕ್ಕೂ ಅದೇ ಗತಿ. ಪದರ ಮಾತ್ರ ತೆಳ್ಳಗಿರಲಿ. ನಾನೊಮ್ಮೆ ಧಾರಾಳವಾಗಿ ಹಚ್ಚಿ ಪೀಕೇ ಕಳ್ಕೊಂಡು, ವಾರವಿಡೀ ಯಂತ್ರದ ಮೇಲೆ ಅನುಮಾನಪಟ್ಟಿದ್ದೆ.

ಕುವೆಂಪುನಗರ ಲ್ಯಾಬ್:
ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಆಕ್ಸಿಡೀಕರಣಗೊಂಡ ಡೋಪಮೈನನ್ನ ಆಸ್ಕಾರ್ಬೇಟ್ ಹಿಂದಕ್ಕೆ ತಿರುಗಿಸುತ್ತೆ, ಅದೇ ಅಣು ಮತ್ತೆ ಎಲೆಕ್ಟ್ರೋಡಿಗೆ ಬರುತ್ತೆ. ಹಾಗಾಗಿ ಪೀಕ್ ಇರಬೇಕಾದ್ದಕ್ಕಿಂತ ಎತ್ತರ ಕಾಣುತ್ತೆ. ಅದಕ್ಕೇ ಸ್ಟ್ಯಾಂಡರ್ಡ್ ಅಡಿಷನ್ (ಅದೇ ದ್ರಾವಣಕ್ಕೆ ಗೊತ್ತಿರೋ ಪ್ರಮಾಣದ ಡೋಪಮೈನ್ ಸೇರಿಸ್ತಾ ಅಳೆಯೋದು) ಮಾಡಿ. ಸಣ್ಣ ಪ್ರಮಾಣಕ್ಕೆ ಸೈಕ್ಲಿಕ್ ಬೇಡ, ಡಿಫರೆನ್ಷಿಯಲ್ ಪಲ್ಸ್ (ವೋಲ್ಟೇಜನ್ನ ಸಣ್ಣ ಸಣ್ಣ ಪಲ್ಸಾಗಿ ಕೊಡೋ ವಿಧಾನ) ಹಿಡೀರಿ. ಪತ್ತೆಮಿತಿ (ಗುರುತಿಸಬಹುದಾದ ಅತಿ ಕಡಿಮೆ ಪ್ರಮಾಣ) ಹೇಳೋ ಮುಂಚೆ ಬರೀ ಬಫರನ್ನ 10 ಸಲ ಓಡಿಸಿ. ಆ ಏರಿಳಿತದ (ಸ್ಟ್ಯಾಂಡರ್ಡ್ ಡೀವಿಯೇಷನ್) ಮೂರುಪಟ್ಟನ್ನ ನಿಮ್ಮ ಪ್ರಮಾಣ-ಪ್ರವಾಹ ರೇಖೆಯ ಇಳಿಜಾರಿನಿಂದ ಭಾಗಿಸಿ.

ಗಂಗೋತ್ರಿ ಹುಡುಗಿ:
ನಿನ್ನೆಯ ಫ್ಲಾಸ್ಕನ್ನ ಬಿಳಿ ಹಾಳೆ ಮುಂದೆ ಹಿಡಿದು ನೋಡಿದೆ ಸರ್. ತಿಳಿ ಗುಲಾಬಿ, ತಳದಲ್ಲಿ ಕಂದು. ಇಷ್ಟು ದಿನ ಕಣ್ಣಿಗೇ ಬಿದ್ದಿರಲಿಲ್ಲ. ಫೆರಿಸಯನೈಡ್ ಅಂತರ 140 ಮಿಲಿವೋಲ್ಟ್ ಇತ್ತು, ಉಜ್ಜಿದ ಮೇಲೆ 78. ನ್ಯಾಫಿಯಾನ್ ನಾಳೆ ಹಚ್ತೀನಿ, ತೆಳ್ಳಗೆ.