ಮ್ಯಾಂಟಿಸ್ ಮರಿಗಳು ಏನೂ ತಿನ್ನುತ್ತಿಲ್ಲ, ಏನು ಕೊಡಲಿ?

ಪ್ರಶ್ನೆ:
ನಮಸ್ಕಾರ ಮೇಡಂ. ಡಬ್ಬಿಯಲ್ಲಿ ಇಟ್ಟಿದ್ದ ಪ್ರೇಯಿಂಗ್ ಮ್ಯಾಂಟಿಸ್ ಮೊಟ್ಟೆಗೂಡು ನಾಲ್ಕು ದಿನದ ಹಿಂದೆ ಒಡೆಯಿತು. ಬೆಳಗ್ಗೆ ಎದ್ದು ನೋಡಿದರೆ ಮರಿಗಳು ಗೊಂಚಲು ಗೊಂಚಲಾಗಿ ದಾರದಲ್ಲಿ ನೇತಾಡುತ್ತಿದ್ದವು. ಎಣಿಸಿದೆ, 84 ಇದ್ದವು. ಬೇಯಿಸಿದ ಮೊಟ್ಟೆಯ ಚೂರು ಇಟ್ಟೆ, ಸಕ್ಕರೆ ನೀರು ಇಟ್ಟೆ, ಸತ್ತ ಸೊಳ್ಳೆ ಹಾಕಿದೆ. ಯಾವುದರ ಕಡೆಗೂ ತಿರುಗಿ ನೋಡಲಿಲ್ಲ. ಇವತ್ತು ಎಣಿಸಿದರೆ 61 ಮಾತ್ರ ಇವೆ. ಡಬ್ಬಿಯಲ್ಲಿ ಸತ್ತು ಬಿದ್ದದ್ದು ಒಂದೂ ಕಾಣುತ್ತಿಲ್ಲ, ಮುಚ್ಚಳವೂ ಭದ್ರವಾಗಿದೆ. ಎಲ್ಲಿ ಹೋದವು?

ಉತ್ತರ:
ಮುಚ್ಚಳ ಬಿಡಿ, ಉಳಿದ 61ರ ಹೊಟ್ಟೆ ನೋಡಿ. ನಾಲ್ಕಾರು ಮರಿಗಳ ಹೊಟ್ಟೆ ಉಬ್ಬಿ ದುಂಡಗಾಗಿರುತ್ತದೆ. ಕಾಣೆಯಾದವು ಅಲ್ಲಿವೆ.

ಗಾಬರಿ ಬೇಡ, ಇದು ಅವುಗಳ ಸ್ವಭಾವ. ಒಂದೊಂದು ಗೂಡಿನಿಂದ ಅಷ್ಟೊಂದು ಮರಿ ಬರುವುದೇ ಬಹಳಷ್ಟು ಉಳಿಯುವುದಿಲ್ಲ ಅಂತ. ನೀವು ಇಟ್ಟ ಊಟದಲ್ಲಿ ಇದ್ದ ತೊಂದರೆ ಒಂದೇ. ಅದು ಅಲ್ಲಾಡುತ್ತಿರಲಿಲ್ಲ. ಮ್ಯಾಂಟಿಸ್‌ಗೆ ಅಲ್ಲಾಡದ್ದು ಊಟವೇ ಅಲ್ಲ. ಬ್ರಿಟನ್ನಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದವರು ಮ್ಯಾಂಟಿಸ್‌ಗಳ ಮುಖಕ್ಕೆ ಜೇನುಮೇಣದಿಂದ ಪುಟಾಣಿ 3ಡಿ ಕನ್ನಡಕ ಅಂಟಿಸಿ, ಪರದೆಯ ಮುಂದೆ ಕೂರಿಸಿ ಪರೀಕ್ಷೆ ಮಾಡಿದ್ದಾರೆ. ಒಂದು ವಸ್ತು ಎಷ್ಟು ದೂರದಲ್ಲಿದೆ ಅಂತ ಅವು ಎರಡೂ ಕಣ್ಣು ಸೇರಿಸಿ ಅಳೆಯುವುದು ಚಿತ್ರದಲ್ಲಿ ಏನಾದರೂ ಬದಲಾಗುತ್ತಿರುವ ಕಡೆ ಮಾತ್ರ ಅಂತ 2018ರಲ್ಲಿ ಬರೆದರು. ನಿಮ್ಮ ಡಬ್ಬಿಯಲ್ಲಿ ಅಲ್ಲಾಡುತ್ತಿದ್ದದ್ದು ತಮ್ಮ ತಂಗಿಯರು ಮಾತ್ರ, ಅಲ್ವಾ?

ಈಗ ಬೇಕಾಗಿರುವುದು ರೆಕ್ಕೆಯಿಲ್ಲದ, ಇಲ್ಲವೇ ಹಾರಲಾಗದ ಹಣ್ಣಿನ ನೊಣ. ಕೀಟ ಸಾಕುವವರ ಹತ್ತಿರ ಸಿಗುತ್ತದೆ. ಎರಡು ಜಾತಿ ಇವೆ. ಚಿಕ್ಕದು ಮೆಲನೊಗ್ಯಾಸ್ಟರ್, ಎರಡೂವರೆ ಮಿಲಿಮೀಟರ್ ಆಸುಪಾಸು. ದೊಡ್ಡದು ಹೈಡಿ. ಈಗ ಚಿಕ್ಕದೇ ಸಾಕು. ಒಂದೆರಡು ಸಲ ಪೊರೆ ಬಿಟ್ಟ ಮೇಲೆ ಹೈಡಿಗೆ ಹೋಗಿ. ಬೇಟೆ ಮರಿಯ ಉದ್ದದ ಅರ್ಧಕ್ಕಿಂತ ದೊಡ್ಡದಿರಬಾರದು. ದೊಡ್ಡದು ಹಾಕಿದರೆ ಮರಿಯೇ ಹೆದರಿ ಓಡುತ್ತದೆ.

ನೊಣ ಹಾಕುವುದೂ ಒಂದು ಕಲೆ. ಬಾಟಲಿಯನ್ನು ಮೇಜಿನ ಮೇಲೆ ಎರಡು ಸಲ ಕುಟ್ಟಿ, ನೊಣಗಳೆಲ್ಲ ತಳಕ್ಕೆ ಬೀಳುತ್ತವೆ. ಮತ್ತೆ ಗೋಡೆ ಹತ್ತಲು ಶುರು ಮಾಡುವ ಮೊದಲು ಮುಚ್ಚಳ ತೆಗೆದು, ಬೇಕಾದಷ್ಟು ಉದುರಿಸಿ, ಮುಚ್ಚಿಬಿಡಿ. ಮೊದಲ ಸಲ ಅರ್ಧ ನೊಣ ನಿಮ್ಮ ತೋಳಿನ ಮೇಲೆ ಇರುತ್ತವೆ, ಪರವಾಗಿಲ್ಲ.

ಪ್ರಶ್ನೆ ಕೇಳಿದವರು:
ಅಯ್ಯೋ! ಸರಿ ಮೇಡಂ, ನೊಣ ತರಿಸುತ್ತೇನೆ. ದಿನಕ್ಕೆ ಎಷ್ಟು ಹಾಕಲಿ? ನೊಣ ಕೈಗೆ ಬರುವವರೆಗೆ ಗಿಡದ ಮೇಲಿನ ಹೇನು ಕೊಡಬಹುದಾ? ಇರುವೆ?

ಉತ್ತರ:
ಗಿಡದ ಹೇನು ಕೊಡಬಹುದು, ಔಷಧಿ ಹೊಡೆಯದ ಗಿಡದ್ದಾದರೆ ಮಾತ್ರ. ಆದರೆ ಅವು ಕೂತಲ್ಲೇ ಕೂರುತ್ತವೆ. ಕಡ್ಡಿಯಿಂದ ಸ್ವಲ್ಪ ಅಲ್ಲಾಡಿಸಬೇಕು. ಇರುವೆ ಮಾತ್ರ ಬೇಡವೇ ಬೇಡ. ಈ ವಯಸ್ಸಿನಲ್ಲಿ ಇರುವೆಯೇ ಮರಿಯನ್ನು ಹೊತ್ತೊಯ್ಯುತ್ತದೆ. ಡಬ್ಬಿ ಇಟ್ಟ ಮೇಜಿಗೆ ಇರುವೆ ಹತ್ತದಂತೆ ನೋಡಿಕೊಳ್ಳಿ. ಆ ಸಕ್ಕರೆ ನೀರನ್ನು ಇವತ್ತೇ ತೆಗೆಯಿರಿ, ಕಾಲು ಅಂಟಿಕೊಳ್ಳುತ್ತದೆ, ಇರುವೆಯನ್ನೂ ಕರೆಯುತ್ತದೆ.

ಲೆಕ್ಕ ಬೇಕೇ ಬೇಕು ಅಂದರೆ ಒಂದು ಮರಿಗೆ ದಿನಕ್ಕೆ ಎರಡು ಮೂರು ನೊಣ. ನಾನಂತೂ ಎಣಿಸುವುದಿಲ್ಲ, ಹೊಟ್ಟೆ ನೋಡುತ್ತೇನೆ. ಹಸಿದ ಮರಿಯ ಹೊಟ್ಟೆ ಚಪ್ಪಟೆಯಾಗಿ ಕಾಗದದ ಹಾಗೆ ಇರುತ್ತದೆ. ತಿಂದದ್ದರ ಹೊಟ್ಟೆ ಅಕ್ಕಿಕಾಳಿನ ಹಾಗೆ ತುಂಬಿರುತ್ತದೆ. ತುಂಬಿದ್ದರೆ ಆ ದಿನ ಬಿಟ್ಟುಬಿಡಿ. ಹೊಸಬರು ಮರಿ ಉಪವಾಸ ಬೀಳುತ್ತದೆ ಅಂತ 20 ನೊಣ ಸುರಿಯುತ್ತಾರೆ. ಅವು ಮರಿಯ ಮೈಮೇಲೆಲ್ಲ ಹರಿದಾಡಿ, ಅದು ಬೇಟೆ ಬಿಟ್ಟು ತಪ್ಪಿಸಿಕೊಳ್ಳುವುದರಲ್ಲೇ ಇರುತ್ತದೆ. ಮೊಟ್ಟೆಯಿಂದ ಬಂದ ಮೊದಲ ಒಂದೆರಡು ದಿನ ತಿನ್ನದಿದ್ದರೂ ಚಿಂತೆಯಿಲ್ಲ.

ನೀರಿನ ವಿಷಯಕ್ಕೆ ಬಂದರೆ, ಬಟ್ಟಲು ಇಡಬೇಡಿ, ಮುಳುಗಿ ಸಾಯುತ್ತವೆ. ದಿನಕ್ಕೊಂದು ಸಲ ಡಬ್ಬಿಯ ಒಂದು ಬದಿಗೆ ಮಂಜಿನಷ್ಟು ಸಣ್ಣಗೆ ಸಿಂಪಡಿಸಿ. ಹನಿ ದೊಡ್ಡದಾದರೆ ಮರಿ ಅದರೊಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಹನಿಗೆ ಬಾಯಿಟ್ಟು ಕುಡಿಯುವುದನ್ನು ಒಮ್ಮೆ ಭೂತಗನ್ನಡಿ ಹಿಡಿದು ನೋಡಿ, ಊಟ ಮರೆಯುತ್ತೀರಿ.

ಇನ್ನೊಬ್ಬರು:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಮನೆಯಲ್ಲೇ ನೊಣ ಬೆಳೆಸುತ್ತೇನೆ. ಕಿವುಚಿದ ಬಾಳೆಹಣ್ಣು, ಚಿಟಿಕೆ ಯೀಸ್ಟ್. ಎರಡನೇ ಬಾಟಲಿಯಿಂದ ಹಾರುವ ನೊಣ ಬರತೊಡಗಿವೆ! ರೆಕ್ಕೆಯಿಲ್ಲದ್ದು ಅಂತ ತಾನೇ ತಂದದ್ದು?

ಉತ್ತರ:
ಹೊರಗಿನ ನೊಣ ಒಳಗೆ ನುಗ್ಗಿದೆ. ರೆಕ್ಕೆ ಕುಗ್ಗಿಸುವ ಗುಣ ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಮರಿಯಲ್ಲಿ ಕಾಣುತ್ತದೆ. ಹೊರಗಿನ ಒಂದೇ ಗಂಡು ಸಾಕು, ಮುಂದಿನ ಪೀಳಿಗೆ ಹಾರುತ್ತದೆ. ಬಾಯಿಗೆ ಕಟ್ಟಿದ ಬಟ್ಟೆ ದಪ್ಪ ಇರಲಿ. ಇನ್ನೊಂದು ಕಾರಣವೂ ಇರಬಹುದು. ಕುಗ್ಗಿದ ರೆಕ್ಕೆಯ ತಳಿಯನ್ನು 30 ಡಿಗ್ರಿ ಆಸುಪಾಸಿನಲ್ಲಿ ಬೆಳೆಸಿದರೆ ರೆಕ್ಕೆ ಉದ್ದವಾಗುತ್ತದೆ. ಬಾಟಲಿಯನ್ನು ಬಿಸಿಲಿನ ಕಿಟಕಿಯಿಂದ ತೆಗೆಯಿರಿ. ಆ ಬಾಟಲಿಯಿಂದ ಹೊಸದನ್ನು ಶುರು ಮಾಡಬೇಡಿ. 25 ಡಿಗ್ರಿಯಲ್ಲಿ ಮೊಟ್ಟೆಯಿಂದ ನೊಣವಾಗಲು ಹತ್ತು ದಿನ. ಹಾಗಾಗಿ ವಾರಕ್ಕೊಂದು ಹೊಸ ಬಾಟಲಿ ಹಾಕಿಡಿ.

ಪ್ರಶ್ನೆ ಕೇಳಿದವರು (ಹತ್ತು ದಿನದ ನಂತರ):
ಮೇಡಂ, ನೊಣ ಹಾಕಿದ ಮೇಲೆ ಸಾವು ಕಡಿಮೆಯಾಗಿದೆ, 40 ಮರಿ ಇವೆ. ಬೇರೆ ಬೇರೆ ಕಪ್‌ಗಳಿಗೆ ಹಾಕಿದೆ. ಆದರೆ ಒಂದು ಮರಿ ನಿನ್ನೆಯಿಂದ ಮುಚ್ಚಳದ ಜಾಲರಿಯಿಂದ ತಲೆಕೆಳಗಾಗಿ ನೇತಾಡುತ್ತಿದೆ. ನೊಣ ಕಾಲ ಬಳಿ ಬಂದರೂ ಹಿಡಿಯುತ್ತಿಲ್ಲ, ಹೊಟ್ಟೆ ತುಂಬಿಕೊಂಡೇ ಇದೆ. ಕಾಯಿಲೆನಾ?

ಉತ್ತರ:
ಪೊರೆ ಬಿಡುವ ಹೊತ್ತು ಬಂದಿದೆ. ಆ ಕಪ್‌ನಲ್ಲಿರುವ ನೊಣಗಳನ್ನೆಲ್ಲ ತೆಗೆಯಿರಿ, ಪೊರೆಯಿಂದ ಜಾರುತ್ತಿರುವಾಗ ಒಂದು ನೊಣ ತಾಗಿದರೂ ಕೈ ತಪ್ಪಿ ಬೀಳುತ್ತದೆ. ಬಿದ್ದರೆ ಕಾಲು ಸೊಟ್ಟಗಾಗುತ್ತದೆ. ಮರಿಯ ಉದ್ದದ ಮೂರರಷ್ಟು ಜಾಗ ಕೆಳಗೆ ಇರಬೇಕು, ನಿಮ್ಮ ಕಪ್ ಅಷ್ಟು ಎತ್ತರ ಇದೆಯಾ ನೋಡಿ. ಮುಚ್ಚಳ ತೆರೆಯಬೇಡಿ, ಅದು ಅಲ್ಲೇ ನೇತಾಡುತ್ತಿದೆ. ಪೊರೆ ಬಿಟ್ಟ ಮೇಲೂ ಒಂದು ದಿನ ಊಟ ಬೇಡ, ಮೈ ಗಟ್ಟಿಯಾಗಲಿ.

ಪ್ರಶ್ನೆ ಕೇಳಿದವರು:
ಅಯ್ಯೋ, ನೊಣ ತೆಗೆಯಲು ಮುಚ್ಚಳ ತೆರೆಯಲೇಬೇಕಲ್ವಾ?

ಉತ್ತರ:
ಹೌದಲ್ಲ! ಕಪ್‌ನ ಬದಿಗೆ ಒಂದು ತೂತು ಕೊರೆದು ಸ್ಪಂಜು ತುರುಕಿಡುವುದು ಇದಕ್ಕೇ. ನಿಮ್ಮದರಲ್ಲಿ ಇಲ್ಲ ಅಂದರೆ ಈ ಸಲ ಒಂದೆರಡು ನೊಣ ಇದ್ದರೆ ಇರಲಿ, ಮುಟ್ಟಬೇಡಿ. ಉಳಿದ 39 ಕಪ್‌ಗೆ ಇವತ್ತೇ ತೂತು ಹಾಕಿ.